ಬಡಿತ ತಪ್ಪಿದ ಎದೆಗೆ ಭಾರ ಎಷ್ಟು?

ಎದೆ ಬಡಿತದಲ್ಲಿ ಏರುಪೇರು ಇದೆ ಅಂತ ವೈದ್ಯರು ಹೇಳಿದ ದಿನದಿಂದ ಮನೆಯಲ್ಲಿ ಎರಡು ಬಗೆಯ ಮಾತು ಶುರುವಾಗುತ್ತದೆ. ‘ಇನ್ನು ಒಂದು ಕೊಡ ನೀರನ್ನೂ ಎತ್ತಬೇಡಿ, ಸುಮ್ನೆ ಕೂತ್ಕೊಳ್ಳಿ’ ಎನ್ನುತ್ತಾರೆ ಮನೆಯ ಹೆಂಗಸರು. ‘ಏನೂ ಆಗಲ್ಲ, ನಮ್ಮ ಉಪ್ಪ ಎಪ್ಪತ್ತು ವರ್ಷದವರೆಗೂ ಮೂಟೆ ಹೊತ್ತಿದ್ದಾರೆ’ ಎನ್ನುತ್ತಾರೆ ಗಂಡಸರು. ಎರಡು ಮಾತಿನಲ್ಲೂ ಪ್ರೀತಿ ಇದೆ, ಎರಡರಲ್ಲೂ ಅಪಾಯವೂ ಇದೆ.

ಘಟ್ಟ ಹತ್ತಿ ಬಂದು ಶಿಕಾರಿಪುರ, ಸೊರಬ ಸೀಮೆಯಲ್ಲಿ ಅಂಗಡಿ, ಅಡಿಕೆ, ಶುಂಠಿ ಅಂತ ಬದುಕು ಕಟ್ಟಿಕೊಂಡ ಕುಟುಂಬಗಳಿಗೆ ಭಾರ ಎತ್ತುವುದು ಬರೀ ಜಿಮ್ಮಿನ ಮಾತಲ್ಲ. ಅದು ಹೊಟ್ಟೆಪಾಡಿನ ಮಾತು. ಶಿರಾಳಕೊಪ್ಪ, ಆನವಟ್ಟಿಯ ಪೇಟೆಯಲ್ಲಿ ಬೆಳಗ್ಗೆ ಅಂಗಡಿ ಬಾಗಿಲು ತೆಗೆದವನು ಸಂಜೆಯೊಳಗೆ ಎಷ್ಟು ಚೀಲ ಸರಿಸುತ್ತಾನೆ ಅಂತ ಲೆಕ್ಕ ಇಡುವವರಿಲ್ಲ. ಅಂಥವನಿಗೆ ‘ಭಾರ ಮುಟ್ಟಬೇಡ’ ಎಂದರೆ ಅಂಗಡಿ ಮುಚ್ಚು ಎಂದಂತೆ. ಆದ್ದರಿಂದ ಈ ವಾರ ನಾವು ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇವೆ. ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ವೈದ್ಯರ ಚೀಟಿಯಲ್ಲಿ ‘ಎ.ಎಫ್.’ ಎಂದು ಬರೆದಿರುವ ಕಾಯಿಲೆ ಇರುವವರು ತೂಕ ಎತ್ತಬಹುದಾ? ಎತ್ತುವುದಾದರೆ ಹೇಗೆ?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಹೆಚ್ಚಿನವರು ಎತ್ತಬಹುದು. ಆದರೆ ಅದಕ್ಕೊಂದು ಕ್ರಮ ಇದೆ. ಮೊದಲು ಬಡಿತ ಹತೋಟಿಗೆ ಬರಬೇಕು. ಆಮೇಲೆ ಮಾತ್ರೆ ತಪ್ಪಬಾರದು. ಎತ್ತುವಾಗ ಉಸಿರು ಕಟ್ಟಬಾರದು. ಈ ಮೂರೂ ಸರಿಯಾಗುವ ತನಕ ಡಂಬ್‌ಬೆಲ್ ಕಾಯಲಿ.

ಇದು ಕರೆಂಟಿನ ತೊಂದರೆ

ನಮ್ಮ ಹೃದಯಕ್ಕೆ ನಾಲ್ಕು ಕೋಣೆ. ಮೇಲಿನ ಎರಡು ರಕ್ತ ಪಡೆಯುವವು, ಕೆಳಗಿನ ಎರಡು ರಕ್ತ ದೂಡುವವು. ಮೇಲಿನ ಕೋಣೆಯ ಒಂದು ಮೂಲೆಯಿಂದ ಸಣ್ಣ ವಿದ್ಯುತ್ ಹೊರಟು ನಾಲ್ಕೂ ಕೋಣೆಗಳನ್ನು ತಾಳಕ್ಕೆ ಸರಿಯಾಗಿ ಬಡಿಸುತ್ತದೆ. ಕುಳಿತಿರುವಾಗ ನಿಮಿಷಕ್ಕೆ 60ರಿಂದ 100 ಬಡಿತ. ಎ.ಎಫ್. ಆದಾಗ ಮೇಲಿನ ಕೋಣೆಗಳಲ್ಲಿ ಕರೆಂಟು ಎಲ್ಲೆಂದರಲ್ಲಿ ಹುಟ್ಟುತ್ತದೆ. ಆಗ ಅವು ಬಡಿಯುವುದಿಲ್ಲ, ನಿಮಿಷಕ್ಕೆ 300ಕ್ಕೂ ಮೇಲೆ ಕಂಪಿಸುತ್ತವೆ. ಅದರಲ್ಲಿ ಕೆಲವು ಮಾತ್ರ ಕೆಳಕ್ಕೆ ಇಳಿಯುವುದರಿಂದ ಕೈನಾಡಿ ಹಿಡಿದರೆ ತಾಳ ಸಿಗುವುದಿಲ್ಲ. ಎರಡು ಬೇಗ, ಒಂದು ತಡ, ಮತ್ತೆ ಮೂರು ಬೇಗ.

ಕೆಲವರಿಗೆ ಎದೆ ಡವಡವ, ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಇನ್ನು ಕೆಲವರಿಗೆ ಏನೂ ಗೊತ್ತಾಗುವುದಿಲ್ಲ, ಬೇರೆ ಯಾವುದಕ್ಕೋ ಇಸಿಜಿ ತೆಗೆದಾಗ ಸಿಕ್ಕಿಬೀಳುತ್ತದೆ. ರಕ್ತದೊತ್ತಡ, ಬೊಜ್ಜು, ಸಕ್ಕರೆ ಕಾಯಿಲೆ, ಥೈರಾಯ್ಡ್ ಹೆಚ್ಚಾಗಿರುವುದು, ರಾತ್ರಿ ಗೊರಕೆಯ ನಡುವೆ ಉಸಿರು ನಿಲ್ಲುವುದು, ಇವೆಲ್ಲ ಇದಕ್ಕೆ ದಾರಿ. ನಮ್ಮ ದೇಶದಲ್ಲಿ ಇನ್ನೊಂದು ಕಾರಣವೂ ಉಂಟು. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ಬಾವಿನ ಜ್ವರ ಬಂದು ಹೃದಯದ ಕವಾಟ ಕೆಟ್ಟಿರುವುದು. ನಲವತ್ತರ ಒಳಗಿನ ಹೆಂಗಸರಲ್ಲೂ ಎ.ಎಫ್. ಕಾಣಲು ಇದು ಮುಖ್ಯ ಕಾರಣ.

ಇದರ ದೊಡ್ಡ ಭಯ ಡವಡವ ಅಲ್ಲ. ಕಂಪಿಸುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು ವರ್ಷಗಟ್ಟಲೆ ಗಮನಿಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎ.ಎಫ್. ಇರುವವರಿಗೆ ಪಾರ್ಶ್ವವಾಯುವಿನ ಸಾಧ್ಯತೆ ಸುಮಾರು ಐದು ಪಟ್ಟು ಅಂತ ಕಂಡುಬಂತು. ರಕ್ತ ತೆಳು ಮಾಡುವ ಮಾತ್ರೆ ಕೊಡುವುದು ಇದಕ್ಕೇ.

ಜಿಮ್ಮಿನ ಭಯ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡರು. ಅಂದು ಬೆಳಗ್ಗೆ ವ್ಯಾಯಾಮದ ಬಳಿಕ ಎದೆನೋವು ಕಾಣಿಸಿತ್ತು ಎಂಬ ಸುದ್ದಿ ಹರಡಿದ ಮೇಲೆ ಕರ್ನಾಟಕದ ಮನೆಮನೆಯಲ್ಲಿ ಜಿಮ್ ಅಂದರೆ ಹೆದರಿಕೆ ಹುಟ್ಟಿತು. ಜಿಮ್ಮಿಗೆ ಹೋಗುವ ಮಗನನ್ನು ಉಮ್ಮ ಬಾಗಿಲಲ್ಲೇ ತಡೆದು ನಿಲ್ಲಿಸಿದ ಮನೆಗಳು ಎಷ್ಟೋ. 2025ರಲ್ಲಿ ಹಾಸನದ ಸಾವುಗಳ ಸುದ್ದಿ ಬಂದಾಗ ಹೃದಯ ತಪಾಸಣೆಗೆ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತರು.

ಆದರೆ ಹೃದಯಾಘಾತ ಬೇರೆ, ಎ.ಎಫ್. ಬೇರೆ. ಹೃದಯಾಘಾತ ಪೈಪಿನ ತೊಂದರೆ. ರಕ್ತನಾಳ ಕಟ್ಟಿಕೊಂಡು ಹೃದಯದ ಸ್ನಾಯುವಿಗೆ ರಕ್ತ ಸಿಗುವುದಿಲ್ಲ. ಎ.ಎಫ್. ಕರೆಂಟಿನ ತೊಂದರೆ. ಒಬ್ಬರಿಗೆ ಎರಡೂ ಇರಬಹುದು, ಆದ್ದರಿಂದಲೇ ತಪಾಸಣೆ ಬೇಕು. ಆದರೆ ಒಂದರ ಭಯವನ್ನು ಇನ್ನೊಂದರ ಮೇಲೆ ಹೇರಿ ಕೈಕಾಲು ಕಟ್ಟಿ ಕೂರಿಸುವುದು ನ್ಯಾಯವಲ್ಲ.

ಕೂತರೆ ನಷ್ಟ ಏನು?

ಕೂತರೆ ತೂಕ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಸಕ್ಕರೆ ಏರುತ್ತದೆ. ಮೂರೂ ಎ.ಎಫ್.ಗೆ ಗೊಬ್ಬರ. ಆಸ್ಟ್ರೇಲಿಯಾದ ಅಡಿಲೇಡ್‌ನ ವೈದ್ಯರು 120 ಮಂದಿ ಎ.ಎಫ್. ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ತಿಂಗಳು ಕ್ರಮವಾಗಿ ವ್ಯಾಯಾಮ ಮಾಡಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಂದು ವರ್ಷದ ಕೊನೆಗೆ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 40 ಮಂದಿಗೆ ಎ.ಎಫ್. ಮರುಕಳಿಸಿರಲಿಲ್ಲ. ಮಾಡದವರಲ್ಲಿ ಅಂಥವರು ನೂರಕ್ಕೆ 20 ಮಾತ್ರ. ಅದೇ ವರ್ಷ ಅಮೆರಿಕದ ಹೃದ್ರೋಗ ಸಂಘಟನೆಗಳು ಹೊರಡಿಸಿದ ಮಾರ್ಗಸೂಚಿ, ಎ.ಎಫ್. ಇರುವವರು ವಾರಕ್ಕೆ 210 ನಿಮಿಷದ ವ್ಯಾಯಾಮದ ಗುರಿ ಇಟ್ಟುಕೊಳ್ಳಲಿ ಅಂತ ಹೇಳಿತು. ದಿನಕ್ಕೆ ಅರ್ಧ ಗಂಟೆ.

ಈ ಲೆಕ್ಕದ ಬಹುಪಾಲು ನಡಿಗೆ, ಸೈಕಲ್ ಥರದ್ದು. ಶಿಕಾರಿಪುರದವರಿಗೆ ಹುಚ್ಚರಾಯನ ಕೆರೆಯ ಕಡೆ ಒಂದು ಸುತ್ತು, ಸೊರಬದವರಿಗೆ ದಂಡಾವತಿ ಹೊಳೆಯ ಕಡೆ ಒಂದು ಸುತ್ತು, ಅಷ್ಟೇ ಸಾಕು. ತೂಕದ ವ್ಯಾಯಾಮ ಅದರ ಜೊತೆಗಿನ ಪಲ್ಯ ಇದ್ದಂತೆ, ಅನ್ನ ಅಲ್ಲ. ಆದರೂ ಪಲ್ಯ ಬೇಕು. ಐವತ್ತು ದಾಟಿದ ಮೇಲೆ ಸ್ನಾಯು ಕರಗುತ್ತಾ ಹೋಗುತ್ತದೆ, ಎದ್ದು ನಿಲ್ಲುವಾಗ ತೂರಾಡುವುದು, ಬೀಳುವುದು ಶುರುವಾಗುತ್ತದೆ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರಿಗೆ ಬೀಳುವುದೇ ದೊಡ್ಡ ಶತ್ರು. ಕಾಲಿಗೆ ಬಲ ಬಂದರೆ ಬೀಳುವುದು ಕಡಿಮೆ.

ಅತಿಯೂ ಬೇಡ. ಸ್ವೀಡನ್‌ನಲ್ಲಿ ಹಿಮದ ಮೇಲೆ ನಡೆಯುವ 90 ಕಿ.ಮೀ. ಓಟದಲ್ಲಿ ಭಾಗವಹಿಸಿದ ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದಾಗ, ಹೆಚ್ಚು ಸಲ ಓಡಿದವರಲ್ಲೇ ಬಡಿತದ ಏರುಪೇರು ಜಾಸ್ತಿ ಇತ್ತು. ಊಟಕ್ಕಿರುವ ಹದ ವ್ಯಾಯಾಮಕ್ಕೂ ಇದೆ.

ಎತ್ತುವ ಮೊದಲು

ಜಿಮ್ಮಿನ ಫೀಸು ಕಟ್ಟುವ ಮೊದಲು ಮಾಡಬೇಕಾದ ಕೆಲಸ ಇಷ್ಟು. ಇಸಿಜಿ, ಎಕೋ, ಥೈರಾಯ್ಡ್ ಪರೀಕ್ಷೆ, ರಕ್ತದೊತ್ತಡ. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆಸಿಕೊಂಡು ಶುರುಮಾಡಬಹುದು. ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸುವ ವ್ಯವಸ್ಥೆಯನ್ನು ರಾಜ್ಯ ಸರಕಾರ ಪುನೀತ್ ಹೆಸರಿನಲ್ಲೇ ‘ಹೃದಯ ಜ್ಯೋತಿ’ ಯೋಜನೆಯಾಗಿ ತಂದಿದೆ. ಮುಂದಿನ ಪರೀಕ್ಷೆಗೆ ಶಿವಮೊಗ್ಗಕ್ಕೆ ಹೋಗುವವರಿದ್ದಾರೆ, ಘಟ್ಟ ಇಳಿದು ಮಂಗಳೂರು, ಮಣಿಪಾಲಕ್ಕೆ ಹೋಗುವವರೂ ಇದ್ದಾರೆ. ಎಲ್ಲೇ ಹೋಗಲಿ, ವೈದ್ಯರನ್ನು ‘ವ್ಯಾಯಾಮ ಮಾಡಬಹುದಾ’ ಅಂತ ಮಾತ್ರ ಕೇಳಬೇಡಿ. ‘ನಾನು ಅಂಗಡಿಯಲ್ಲಿ ಇಷ್ಟು ಕೆ.ಜಿ. ಚೀಲ ಎತ್ತುತ್ತೇನೆ, ಎತ್ತಬಹುದಾ’ ಅಂತ ಬಿಡಿಸಿ ಕೇಳಿ. ಪ್ರಶ್ನೆ ಸರಿ ಇದ್ದರೆ ಉತ್ತರವೂ ಸರಿ ಸಿಗುತ್ತದೆ.

ಕುಳಿತಿರುವಾಗಲೇ ಬಡಿತ 110ಕ್ಕಿಂತ ಮೇಲಿದ್ದರೆ ಅಂದು ತೂಕ ಬೇಡ, ವೈದ್ಯರನ್ನು ಕಾಣಿ. ನಾಡಿ ಎಣಿಸುವಾಗ ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಎ.ಎಫ್.ನಲ್ಲಿ ತಪ್ಪು ಲೆಕ್ಕ ಕೊಡುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿ. ಬಿಪಿ ಮೆಷಿನ್ನೂ ಹಾಗೆಯೇ, ಮೂರು ಸಲ ನೋಡಿ ಸರಾಸರಿ ತೆಗೆಯಿರಿ. ಕೈಗಡಿಯಾರ ತೋರಿಸುವ ಅಂಕಿಯನ್ನೂ ಪೂರ್ತಿ ನಂಬಬೇಡಿ, ತಾಳ ತಪ್ಪಿದ ಬಡಿತದಲ್ಲಿ ಅದೂ ತಪ್ಪುತ್ತದೆ.

ಕವಾಟ ತುಂಬಾ ಕಿರಿದಾಗಿರುವವರು, ಹೃದಯದ ಶಕ್ತಿ ಕುಗ್ಗಿರುವವರು, ವ್ಯಾಯಾಮದ ಹೊತ್ತಿಗೆ ತಲೆಸುತ್ತಿ ಬಿದ್ದವರು ತಜ್ಞರ ಒಪ್ಪಿಗೆ ಇಲ್ಲದೆ ತೂಕ ಮುಟ್ಟಲೇಬಾರದು. ತೊಡೆಸಂದಿಯಿಂದ ತಂತಿ ಹಾಯಿಸಿ ಅಬ್ಲೇಶನ್ ಮಾಡಿಸಿಕೊಂಡವರಿಗೆ ಆ ಗಾಯ ಮಾಗುವ ತನಕ ಭಾರ ನಿಷಿದ್ಧ. ಎಷ್ಟು ದಿನ ಅನ್ನುವುದನ್ನು ಮಾಡಿದ ವೈದ್ಯರೇ ಹೇಳಬೇಕು. ಬಡಿತ ತಪ್ಪಿದಾಗ ಮಾತ್ರ ನುಂಗಲು ಮಾತ್ರೆ ಜೇಬಿನಲ್ಲಿ ಇಟ್ಟುಕೊಂಡವರೂ ಇದ್ದಾರೆ. ಆ ಮಾತ್ರೆ ನುಂಗಿದ ದಿನ ಜಿಮ್ಮಿಗೆ ರಜೆ.

ಉಸಿರು ಕಟ್ಟಬೇಡಿ

ಭಾರ ಎತ್ತುವಾಗ ನಮಗೆ ಗೊತ್ತಿಲ್ಲದೆ ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ‘ಹ್ಞೂಂ’ ಅಂತ ಮುಕ್ಕುತ್ತೇವೆ. ಅಪಾಯ ಇರುವುದು ಇಲ್ಲೇ. ಉಸಿರು ಕಟ್ಟಿ ಮುಕ್ಕಿದಾಗ ಎದೆಗೂಡಿನೊಳಗೆ ಒತ್ತಡ ಏರಿ, ರಕ್ತದೊತ್ತಡ ಒಮ್ಮೆಲೇ ನೆಗೆದು, ಬಿಟ್ಟ ಕೂಡಲೇ ಇಳಿಯುತ್ತದೆ. ಕೆನಡಾದ ಸಂಶೋಧಕರು 1985ರಲ್ಲಿ ದೇಹದಾರ್ಢ್ಯ ಪಟುಗಳ ರಕ್ತನಾಳದೊಳಗೇ ಅಳತೆ ಇಟ್ಟು ನೋಡಿದಾಗ, ಎರಡೂ ಕಾಲಿನಿಂದ ಭಾರೀ ತೂಕ ದೂಡುವಾಗ ರಕ್ತದೊತ್ತಡ ಸರಾಸರಿ 320/250 ಮುಟ್ಟಿತ್ತು. ಒಬ್ಬರಲ್ಲಿ 480/350 ದಾಟಿತ್ತು. ಅವರೆಲ್ಲ ಆರೋಗ್ಯವಂತ ಯುವಕರು. ತಾಳ ತಪ್ಪಿದ ಹೃದಯಕ್ಕೆ, ತೆಳುವಾದ ರಕ್ತಕ್ಕೆ ಈ ನೆಗೆತ ಬೇಕಾ?

ಸೂತ್ರ ಸರಳ. ಎತ್ತುವಾಗ ಬಾಯಿಯಿಂದ ಉಸಿರು ಬಿಡಿ, ಇಳಿಸುವಾಗ ಮೂಗಿನಿಂದ ತೆಗೆದುಕೊಳ್ಳಿ. ಎತ್ತುತ್ತಾ ಒಂದು, ಎರಡು, ಮೂರು ಅಂತ ಜೋರಾಗಿ ಎಣಿಸಿದರೆ ಉಸಿರು ಕಟ್ಟಲು ಬರುವುದೇ ಇಲ್ಲ. ಎಣಿಸಲು ಆಗದಷ್ಟು ಭಾರ ಇದ್ದರೆ ಅದು ನಿಮ್ಮ ತೂಕ ಅಲ್ಲ.

ಎಷ್ಟು ತೂಕ, ಎಷ್ಟು ಸಲ?

ಹೃದಯದ ತೊಂದರೆ ಇರುವವರಿಗೆ ವೈದ್ಯಕೀಯ ಸಂಘಟನೆಗಳು ಹೇಳುವ ಲೆಕ್ಕ ಹೀಗಿದೆ. ಒಂದು ಸಲ ಎತ್ತಲು ಸಾಧ್ಯವಿರುವ ಗರಿಷ್ಠ ತೂಕದಲ್ಲಿ ಕೈ, ಭುಜಕ್ಕೆ ನೂರಕ್ಕೆ 30ರಿಂದ 40 ಭಾಗ, ಕಾಲಿಗೆ 50ರಿಂದ 60 ಭಾಗದಿಂದ ಆರಂಭ. 10ರಿಂದ 15 ಸಲ. ವಾರಕ್ಕೆ ಎರಡು ದಿನ. ಆದರೆ ಗರಿಷ್ಠ ಎಷ್ಟು ಅಂತ ಎತ್ತಿ ನೋಡಲು ಹೋಗಬೇಡಿ, ಆ ಪರೀಕ್ಷೆಯೇ ಅಪಾಯ. ಬದಲಿಗೆ ಹೀಗೆ ನೋಡಿ: 15 ಸಲ ಎತ್ತಿದ ಮೇಲೂ ‘ಇನ್ನೂ ಎರಡು ಮೂರು ಸಲ ಆಗುತ್ತಿತ್ತು’ ಅನ್ನಿಸಿದರೆ ತೂಕ ಸರಿ. ಒಂದು ಸೆಟ್ ಆದ ಮೇಲೆ ಒಂದೆರಡು ನಿಮಿಷ ವಿಶ್ರಾಂತಿ. ಮೊದಲು ಹತ್ತು ನಿಮಿಷ ನಡಿಗೆ, ಕೊನೆಗೆ ಹತ್ತು ನಿಮಿಷ ನಡಿಗೆ. ಒಮ್ಮೆಲೇ ನಿಲ್ಲಿಸಿ ಕೂತರೆ ತಲೆ ಸುತ್ತಬಹುದು.

ಬಡಿತ ಇಳಿಸುವ ಮಾತ್ರೆ ನುಂಗುವವರಿಗೆ ಎಷ್ಟು ಕಷ್ಟಪಟ್ಟರೂ ನಾಡಿ ಹೆಚ್ಚು ಏರುವುದಿಲ್ಲ. ಆದ್ದರಿಂದ ಜಿಮ್ಮಿನ ಗೋಡೆ ಮೇಲಿನ ವಯಸ್ಸು-ಬಡಿತದ ಪಟ್ಟಿ ನಿಮಗಲ್ಲ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತದಾ ನೋಡಿ. ಆದರೆ ಸರಿ, ಏದುಸಿರು ಬಂದು ಮಾತು ತುಂಡಾದರೆ ಇಳಿಸಿ.

ಜಿಮ್ಮೇ ಬೇಕು ಅಂತಿಲ್ಲ. ಒಂದು ಲೀಟರ್ ನೀರಿನ ಬಾಟಲಿ ಎಂದರೆ ಒಂದು ಕೆ.ಜಿ. ಎರಡು ಬಾಟಲಿ ಹಿಡಿದು ಕೈ ಮಡಚಿ ಬಿಡಿಸುವುದು, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಅಂಗೈ ಒತ್ತಿ ದೂಡುವುದು, ಕಟ್ಟೆ ಹಿಡಿದು ತುದಿಗಾಲಲ್ಲಿ ಏರಿ ಇಳಿಯುವುದು. ಮನೆಯ ಹೆಂಗಸರು ಅಡುಗೆಮನೆಯಲ್ಲೇ ಇದನ್ನು ಮಾಡಬಹುದು. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕೆ.ಜಿ. ಇರುತ್ತದೆ. ಅದನ್ನು ಎತ್ತುವುದು ವ್ಯಾಯಾಮ ಅಲ್ಲ, ಉರುಳಿಸಿ ಅಥವಾ ಮಕ್ಕಳನ್ನು ಕರೆಯಿರಿ.

ಜಿಮ್ಮಿಗೆ ಹೋಗುವ ಯುವಕರಿಗೆ ಎರಡು ಮಾತು. ಟ್ರೈನರ್‌ಗೆ ಕಾಯಿಲೆ ಮುಚ್ಚಿಡಬೇಡಿ. ಪ್ರೀ ವರ್ಕೌಟ್ ಪೌಡರ್, ಎನರ್ಜಿ ಡ್ರಿಂಕ್, ಸ್ಟಿರಾಯ್ಡ್ ಇಂಜೆಕ್ಷನ್ ಮೂರಕ್ಕೂ ಸಲಾಮು ಹೇಳಿ ದೂರ ಇರಿ. ಎದೆ ಮೇಲೆ, ತಲೆ ಮೇಲೆ ಬರುವ ಬಾರ್‌ಬೆಲ್‌ಗಿಂತ ಮೆಷಿನ್ ಮೇಲಿನ ತೂಕ ಕ್ಷೇಮ, ಕೈ ಸೋತರೂ ಮೈಮೇಲೆ ಬೀಳುವುದಿಲ್ಲ.

ಮೂಟೆಯ ಲೆಕ್ಕ ಬೇರೆ

ಜಿಮ್ಮಿನಲ್ಲಿ ತೂಕವನ್ನು ನಾವು ಆರಿಸುತ್ತೇವೆ. ಪೇಟೆಯಲ್ಲಿ ತೂಕ ನಮ್ಮನ್ನು ಆರಿಸುತ್ತದೆ. ಸಿಮೆಂಟ್ ಚೀಲ 50 ಕೆ.ಜಿ., ಅಡಿಕೆ ಮೂಟೆ ಅದಕ್ಕೂ ಮೇಲೆ. ಲಾರಿ ಕಾಯುತ್ತಿರುವಾಗ ಉಸಿರಿನ ಲೆಕ್ಕ ಯಾರಿಗೆ ನೆನಪಿರುತ್ತದೆ? ‘ದಿನಾ ಮೂಟೆ ಎತ್ತುತ್ತೇನೆ, ನನಗೇಕೆ ವ್ಯಾಯಾಮ’ ಅನ್ನುವವರು ಇದನ್ನು ಯೋಚಿಸಬೇಕು. ಒಮ್ಮೆಲೇ ಬರುವ ಭಾರೀ ಭಾರ ಹೃದಯವನ್ನು ಪಳಗಿಸುವುದಿಲ್ಲ, ದಣಿಸುತ್ತದೆ.

ಅಂಗಡಿಯವರು ಮಾಡಬಹುದಾದ್ದು ಇದೆ. ಒಂದು ಕೈಗಾಡಿ ಇಡಿ. ಮೂಟೆಯನ್ನು ನೆಲಕ್ಕೆ ಇಳಿಸದೆ ಸೊಂಟದೆತ್ತರದ ಕಟ್ಟೆಗೆ ಇಳಿಸಿ. 50 ಕೆ.ಜಿ.ಯನ್ನು ಎರಡು 25 ಮಾಡಿ. ಇಬ್ಬರು ಹಿಡಿಯಿರಿ. ಅಣ್ಣ ತಮ್ಮಂದಿರು ಕೂಡಿ ನಡೆಸುವ ಅಂಗಡಿಯಲ್ಲಿ ಎ.ಎಫ್. ಇರುವವನು ಗಲ್ಲಾಪೆಟ್ಟಿಗೆ ನೋಡಲಿ, ಇನ್ನೊಬ್ಬ ಚೀಲ ನೋಡಲಿ. ಇದರಲ್ಲಿ ಮರ್ಯಾದೆ ಹೋಗುವ ಪ್ರಶ್ನೆ ಏನೂ ಇಲ್ಲ.

ಅಡಿಕೆ ಸೀಮೆಯಲ್ಲಿ ಇದನ್ನೂ ಹೇಳಬೇಕು. ಅಡಿಕೆಯಲ್ಲಿರುವ ಅಂಶ ಬಡಿತ ಏರಿಸುತ್ತದೆ, ಜೊತೆಗೆ ಹೊಗೆಸೊಪ್ಪು ಸೇರಿದರೆ ಇನ್ನಷ್ಟು. ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಮೂಟೆಗೆ ಕೈ ಹಾಕಬೇಡಿ. ದೀಪಾವಳಿ ಕಳೆದ ಮೇಲೆ ಈ ಕಡೆಯ ಊರೂರಲ್ಲಿ ಹೋರಿ ಬೆದರಿಸುವ ಹಬ್ಬ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಹೋರಿಯ ದಾರಿಯಲ್ಲಿ ನಿಲ್ಲದೆ ಮಾಳಿಗೆ ಮೇಲಿಂದ ನೋಡಿದರೆ ಸಾಕು. ಕುಸ್ತಿ, ಕಬಡ್ಡಿಗೂ ಇದೇ ಮಾತು.

ಮಾತ್ರೆಯ ಮಾತು

ಎರಡು ತಿಂಗಳು ಜಿಮ್ಮಿಗೆ ಹೋಗಿ ಮೈ ಹಗುರ ಆದ ಕೂಡಲೇ ‘ಇನ್ನೇಕೆ ಮಾತ್ರೆ’ ಅನ್ನಿಸುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಇಲ್ಲ. ವ್ಯಾಯಾಮ ಬಡಿತಕ್ಕೆ ಸಹಾಯ ಮಾಡಬಹುದು, ಹೆಪ್ಪು ತಡೆಯುವ ಕೆಲಸ ಮಾತ್ರೆಯದ್ದೇ. ಕವಾಟದ ಕಾಯಿಲೆಯಿಂದ ಎ.ಎಫ್. ಬಂದವರಿಗೆ ಸಾಮಾನ್ಯವಾಗಿ ಹಳೆಯ ವಾರ್ಫರಿನ್, ಅಸಿಟ್ರೋಮ್ ಥರದ ಮಾತ್ರೆಯೇ. ಇದನ್ನು ನುಂಗುವವರು ಐಎನ್‌ಆರ್ ಎಂಬ ರಕ್ತಪರೀಕ್ಷೆ ಆಗಾಗ ಮಾಡಿಸಬೇಕು. ಹೆಚ್ಚಿನವರಲ್ಲಿ ಅದು 2ರಿಂದ 3ರ ಒಳಗಿರಬೇಕು. ಬಸಳೆ, ನುಗ್ಗೆಸೊಪ್ಪು ಬಿಡಬೇಕಾಗಿಲ್ಲ. ಆದರೆ ಒಂದು ವಾರ ದಿನಾ, ಇನ್ನೊಂದು ವಾರ ಇಲ್ಲವೇ ಇಲ್ಲ ಅಂತ ಮಾಡಬೇಡಿ, ಪರೀಕ್ಷೆಯ ಅಂಕಿ ಏರುಪೇರಾಗುತ್ತದೆ.

ವ್ಯಾಯಾಮ ಮಾಡಿ ಮೈಕೈ ನೋವು ಬಂದರೆ ಮೆಡಿಕಲ್‌ನಲ್ಲಿ ಸಿಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ನುಂಗಬೇಡಿ. ರಕ್ತ ತೆಳು ಮಾಡುವ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವ ಆಗಬಹುದು. ನೋವಿಗೆ ಹಿಜಾಮ ಮಾಡಿಸುವ ರೂಢಿ ನಮ್ಮಲ್ಲಿದೆ. ಈ ಮಾತ್ರೆ ನುಂಗುವವರು ಚಿಕಿತ್ಸೆ ನೀಡುವ ವೈದ್ಯರನ್ನು ಕೇಳದೆ ಅದಕ್ಕೆ ಕೂರಬೇಡಿ. ತಲೆಗೆ ಪೆಟ್ಟು ಬಿದ್ದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ರಮಝಾನ್‌ನಲ್ಲಿ

ಉಪವಾಸಕ್ಕೆ ಒಂದೆರಡು ವಾರ ಮೊದಲೇ ವೈದ್ಯರನ್ನು ಕಾಣಿ. ದಿನಕ್ಕೆ ಎರಡು ಸಲ ನುಂಗುವ ಮಾತ್ರೆಯನ್ನು ಸಹರಿ, ಇಫ್ತಾರ್‌ಗೆ ಹೊಂದಿಸಬಹುದಾ, ಬೇರೆ ಮಾತ್ರೆ ಬೇಕಾ ಅಂತ ಅವರೇ ಹೇಳಲಿ. ನಾವಾಗಿ ಒಂದು ಹೊತ್ತು ಬಿಡುವುದು ಬೇಡ. ನೀರು ಕಡಿಮೆಯಾದ ಮೈಗೆ ಬಡಿತ ತಪ್ಪುವುದು ಸುಲಭ. ಆದ್ದರಿಂದ ಹಗಲು ತೂಕ ಎತ್ತುವುದು ಬೇಡ, ಇಫ್ತಾರ್ ಆಗಿ ಒಂದೆರಡು ಗಂಟೆ ಕಳೆದ ಮೇಲೆ ಹಗುರವಾಗಿ ಮಾಡಿ. ‘ಉಪವಾಸ ಹಿಡಿಯಬೇಡಿ’ ಅಂತ ವೈದ್ಯರು ಹೇಳಿದರೆ ಅದನ್ನು ಮನೆಯವರಿಂದ ಮುಚ್ಚಿಡಬೇಡಿ. ಕಾಯಿಲೆಯವರಿಗೆ ವಿನಾಯಿತಿ ಇದೆ ಅಂತ ನಮಗೆಲ್ಲ ಗೊತ್ತೇ ಇದೆ.

ನಿಲ್ಲಿಸಬೇಕಾದ ಹೊತ್ತು

ಎದೆನೋವು, ಕಣ್ಣು ಕತ್ತಲೆ, ಉಸಿರು ಸಿಗದಿರುವುದು, ವಿಶ್ರಾಂತಿ ತೆಗೆದುಕೊಂಡರೂ ಇಳಿಯದ ಡವಡವ ಕಂಡರೆ ತೂಕ ಕೆಳಗಿಡಿ, ಅಂದಿಗೆ ಅಷ್ಟೇ. ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ.

ಮುಖ ಒಂದು ಕಡೆ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಹೆಪ್ಪು ಕರಗಿಸುವ ಔಷಧಿ ಕೊಡಲು ಇರುವ ಸಮಯ ನಾಲ್ಕೂವರೆ ಗಂಟೆ ಮಾತ್ರ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿ.ಮೀ., ಸೊರಬದಿಂದ ಇನ್ನೂ ದೂರ. ಎಣ್ಣೆ ಹಚ್ಚುತ್ತಾ, ಸಂಬಂಧಿಕರಿಗೆ ಫೋನ್ ಮಾಡುತ್ತಾ ಕೂತರೆ ಆ ಸಮಯ ದಾರಿಯಲ್ಲೇ ಮುಗಿಯುತ್ತದೆ. ಮೊದಲ ಕರೆ 108ಕ್ಕೆ ಇರಲಿ. ರಕ್ತ ತೆಳು ಮಾಡುವ ಮಾತ್ರೆ ನುಂಗುವುದನ್ನು, ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ ನುಂಗಿದ್ದು ಅನ್ನುವುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಒಂದು ಚೀಟಿಯಲ್ಲಿ ಮಾತ್ರೆಗಳ ಹೆಸರು ಬರೆದು ಜೇಬಿನಲ್ಲಿಟ್ಟುಕೊಳ್ಳಿ, ಇನ್ನೊಂದನ್ನು ಮನೆಯಲ್ಲಿ ಎಲ್ಲರಿಗೂ ಕಾಣುವಲ್ಲಿ ಅಂಟಿಸಿ.

ಭಾರ ಎತ್ತದೆ ಈ ಸೀಮೆಯಲ್ಲಿ ಬದುಕು ಸಾಗುವುದಿಲ್ಲ. ಆದರೆ ಎಲ್ಲವನ್ನೂ ಒಬ್ಬನೇ, ಒಂದೇ ಉಸಿರಿಗೆ ಎತ್ತಬೇಕು ಅಂತ ಯಾರೂ ಹೇಳಿಲ್ಲ. ಈ ವಾರ ಮನೆಯಲ್ಲಿ ಎ.ಎಫ್. ಇರುವವರು ಯಾರಾದರೂ ಇದ್ದರೆ ಕೈಹಿಡಿದು ಒಂದು ನಿಮಿಷ ನಾಡಿ ಎಣಿಸಿ. ಅಂಕಿಯನ್ನು ಬರೆದಿಡಿ, ಮುಂದಿನ ಸಲ ವೈದ್ಯರ ಬಳಿಗೆ ಹೋಗುವಾಗ ಚೀಟಿಯ ಜೊತೆ ಅದನ್ನೂ ಒಯ್ಯಿರಿ.